ಮೆಟ್ಟಿಲು ಹತ್ತಿದವರ ಬೆಣ್ಣೆ

ಡಬ್ಬಿಯ ಮುಚ್ಚಳ ತೆಗೆದ ಸದ್ದು, ಅಷ್ಟೇ. ಹಗಲಾಗಿದ್ದರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ನಡುರಾತ್ರಿ ದಾಟಿತ್ತು, ಅವಳಿಗೆ ಹಸಿವಿನಿಂದ ನಿದ್ದೆ ಹತ್ತಿರಲಿಲ್ಲ. ಹಸಿದವರ ಕಿವಿ ಬಲು ಚುರುಕು.

ಅಣ್ಣನಿಗೆ ಕಿಡ್ನಿ ಕೊಡಲು ಅವಳು ಒಪ್ಪಿ ನಾಲ್ಕು ತಿಂಗಳಾಗಿತ್ತು. ರಕ್ತ ಹೊಂದಿತು, ಮಿಕ್ಕ ಪರೀಕ್ಷೆಗಳೂ ಹೊಂದಿದವು. ಅಡ್ಡ ಬಂದದ್ದು ತೂಕ ಒಂದೇ. ಎಂಟು ಕಿಲೋ ಇಳಿಸಿಕೊಂಡು ಬನ್ನಿ, ಆಮೇಲೆ ದಿನ ಗೊತ್ತುಮಾಡೋಣ ಎಂದಿದ್ದರು ಆಸ್ಪತ್ರೆಯವರು. ಆರೂವರೆ ಹೇಗೋ ಕರಗಿತು. ಉಳಿದ ಒಂದೂವರೆ ಮೂರು ವಾರದಿಂದ ಜಪ್ಪಯ್ಯ ಅಂದರೂ ಕದಲಲಿಲ್ಲ. ಕೊನೆಯ ತೂಕಕ್ಕೆ ಇನ್ನು ಇಪ್ಪತ್ತನಾಲ್ಕು ದಿನ. ತಪ್ಪಿದರೆ ಆಪರೇಷನ್ ಅರ್ಧ ವರ್ಷ ಮುಂದಕ್ಕೆ. ವಾರಕ್ಕೆ ಮೂರು ಸಲ ಯಂತ್ರಕ್ಕೆ ಕೈಯೊಡ್ಡಿ ಮಲಗುವ ಅಣ್ಣ ಅಷ್ಟು ದಿನ ತಾಳುತ್ತಾನೆಯೇ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವನು ಮಾತ್ರ ಫೋನಿನಲ್ಲಿ ಕೇಳುತ್ತಿದ್ದ, "ಏನೇ ಡುಮ್ಮಿ, ನನ್ನ ಕಿಡ್ನೀನ ಹುಷಾರಾಗಿ ಇಟ್ಕೊಂಡಿದೀಯಾ?"

ಕಾಲೇಜಿನ ಪ್ರಯೋಗಾಲಯದಲ್ಲಿ ಉಪ್ಪಿನ ಹರಳನ್ನೂ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ತೂಗಿ ಕೊಡುವುದು ಅವಳ ಕೆಲಸ. ಮನೆಯಲ್ಲೂ ಬ್ರೆಡ್ಡಿನ ಚೂರು ತೂಗದೆ ಬಾಯಿಗಿಡುತ್ತಿರಲಿಲ್ಲ. ಬೆಳಿಗ್ಗೆ ನಲವತ್ತು ನಿಮಿಷ ಓಡಿದರೆ ಕೈಗಡಿಯಾರ ಮುನ್ನೂರೆಂಬತ್ತು ಕ್ಯಾಲೊರಿ ಕರಗಿತೆಂದು ತೋರಿಸುತ್ತಿತ್ತು. ಆ ಮುನ್ನೂರೆಂಬತ್ತನ್ನು ಮತ್ತೆ ತಿನ್ನಬಹುದೋ ಬಾರದೋ ಎಂಬುದೇ ಮನೆಯೊಳಗಿನ ಜಗಳ.

"ಗಡಿಯಾರ ಹೊಗಳುಭಟ, ನಂಬಬೇಡಿ. ತೀರಾ ಹಸಿವಾದ್ರೆ ಅದು ಹೇಳಿದ್ರಲ್ಲಿ ಅರ್ಧ ತಿನ್ನಿ," ಎಂದಿದ್ದಳು ಆಸ್ಪತ್ರೆಯ ಡಯೆಟಿಷಿಯನ್.

"ಓಡಿದ್ದನ್ನೆಲ್ಲ ತಿನ್ನೋದಾದ್ರೆ ಓಡೋದ್ಯಾಕೆ? ಮಲಗಿದ್ರೆ ಶೂ ಆದ್ರೂ ಸವೆಯಲ್ಲ," ಎಂದಿದ್ದ ಗಂಡ.

ಅಡುಗೆಗೆ ಆಸರೆಯಾಗಲೆಂದು ಮೂರು ವಾರದ ಹಿಂದೆ ಬಂದಿದ್ದ ಅಮ್ಮ ಮಾತ್ರ ಪಟ್ಟು ಬಿಡಲಿಲ್ಲ. "ಒಲೆಗೆ ಸೌದೆ ಹಾಕದೆ ಉರಿ ಉರಿ ಅಂದ್ರೆ ಹೇಗೆ ಉರಿಯುತ್ತೆ? ದುಡಿದ ಮೈ ಕೇಳುತ್ತೆ ಕಣೇ, ಕೊಡ್ಬೇಕು."

ಅವಳು ಅರ್ಧವನ್ನೂ ತಿನ್ನಲಿಲ್ಲ.

ಎದ್ದು ಅಡುಗೆಮನೆಯ ಬಾಗಿಲಿಗೆ ಬಂದಳು. ಅವಳ ನಾಳೆಯ ಸೂಪು ಸಣ್ಣ ಉರಿಯ ಮೇಲಿತ್ತು. ಅಮ್ಮ ಬೆಣ್ಣೆಯ ಡಬ್ಬಿಯಿಂದ ಒಂದು ಚಮಚ ತೆಗೆದು ಅದಕ್ಕೆ ಹಾಕಿ, ಕಣ್ಣಿಗೆ ಕಾಣದಂತೆ ಕರಗುವವರೆಗೆ ಕದಡಿದಳು. ಆಮೇಲೆ ಇನ್ನೊಂದು ಚಮಚ.

"ಅಮ್ಮಾ."

ಅಮ್ಮ ಬೆಚ್ಚಲಿಲ್ಲ. "ಎದ್ಯಾ? ಹಸಿವಾಯ್ತಾ?"

"ಎಷ್ಟು ದಿನದಿಂದ ಹಾಕ್ತಿದೀಯಾ?"

"ಬಂದಾಗಿನಿಂದ. ಓಡಿ ಬಂದಾಗ ನಿನ್ನ ಮುಖ ನೋಡೋಕಾಗಲ್ಲ. ಓಡಿದ್ದಕ್ಕೆ ಎಷ್ಟೋ ಅಷ್ಟೇ ಹಾಕಿದೀನಿ. ನೀನು ಓಡದ ದಿನ ಒಂದು ಚೂರೂ ಹಾಕಿಲ್ಲ, ನಿನ್ನಾಣೆ."

"ಅಣ್ಣನ ಗತಿ ಏನಮ್ಮ?"

"ಅವನೊಬ್ಬ ಮಲಗಿದಾನೆ. ನೀನೂ ಒಣಗಿ ಮಲಗಿದ್ರೆ ನಾನು ಯಾರ ಮಂಚದ ಹತ್ರ ಕೂರ್ಲಿ?"

ಬೆಣ್ಣೆ ಕರಗಿದ ವಾಸನೆ ಮೂಗಿಗೆ ಬಡಿದು, ನಾಲ್ಕನೇ ಮಹಡಿಯ ಆ ಹಳೆಯ ಮನೆ ಕಣ್ಣಿಗೆ ಕಟ್ಟಿತು. ಅಮ್ಮ ಹೋಟೆಲುಗಳ ಬೆಡ್‌ಶೀಟು ತಂದು ಇಸ್ತ್ರಿ ಮಾಡುತ್ತಿದ್ದ ಕಾಲ ಅದು. ಒದ್ದೆ ಬಟ್ಟೆಯ ಹಬೆಗೆ ಕಿಟಕಿಯ ಗಾಜೆಲ್ಲ ಬೆಳ್ಳಗೆ. ಲಿಫ್ಟು ಕೆಟ್ಟಿದ್ದೇ ಹೆಚ್ಚು. ಶಾಲೆ ಬಿಟ್ಟೊಡನೆ ಮಕ್ಕಳಿಬ್ಬರೂ ಕೆಳಗಿನಿಂದ ಗಂಟು ಹೊತ್ತು ತರಬೇಕು. ಗಂಟು ತಂದವರ ಬ್ರೆಡ್ಡಿಗೆ ಬೆಣ್ಣೆ, ತರದವರಿಗೆ ಬರೀ ಬ್ರೆಡ್ಡು. ಅದು ಅಮ್ಮನ ಕಾನೂನು. ಎಷ್ಟು ಕಾಡಿದರೂ ಜಗ್ಗುತ್ತಿರಲಿಲ್ಲ. ಆಗ ಅವಳು ಕಡ್ಡಿಯಂತಿದ್ದಳು, ಎರಡು ಮೆಟ್ಟಿಲಿಗೆ ಏದುಸಿರು.

"ನಾನು ಒಂದು ದಿನಾನೂ ಗಂಟು ಹೊತ್ತಿಲ್ಲಮ್ಮ," ಎಂದಳು. "ಎರಡನ್ನೂ ಅಣ್ಣಾನೇ ತರ್ತಿದ್ದ. ಬಾಗಿಲ ಹತ್ರ ನನ್ನ ತಲೆ ಮೇಲೆ ಇಡ್ತಿದ್ದ. ಬೆಣ್ಣೆ ಮಾತ್ರ ಇಬ್ರಿಗೂ."

ಅಮ್ಮ ನಕ್ಕಳು. "ಗೊತ್ತಿತ್ತು. ಅವನ ಅಂಗಿ ಹಿಂಡೋ ಹಾಗಿರ್ತಿತ್ತು, ನಿನ್ನ ಹಣೆ ಮೇಲೆ ಒಂದು ಹನಿ ಬೆವರಿಲ್ಲ. ಹೆತ್ತವಳಿಗೆ ಅಷ್ಟೂ ಕಾಣಲ್ವಾ?"

"ಮತ್ತೆ ಯಾಕೆ ಕೊಡ್ತಿದ್ದೆ?"

"ಅವನು ಹೊತ್ತಿದ್ದು ನಿನಗೋಸ್ಕರ. ಬೇಡ ಅನ್ನೋಕೆ ನಾನ್ಯಾರು?"

ಒಲೆಯ ಮೇಲೆ ಸೂಪು ಗುಳುಗುಳು ಅನ್ನುತ್ತಿತ್ತು. ಅವಳು ಉರಿ ಆರಿಸಿದಳು.

"ಈಗ ಅವನಿಗೋಸ್ಕರ ನಾನು ಹೊರ್ತಿದೀನಿ ಅಮ್ಮ. ಬೇಡ ಅನ್ಬೇಡ."

ಅಮ್ಮ ಬೆಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿದಳು. ಆಮೇಲೆ, "ಅರ್ಧನಾದ್ರೂ ತಿನ್ನು. ಆ ಆಸ್ಪತ್ರೆ ಹುಡುಗಿ ಹೇಳಿದ ಅರ್ಧ. ಕದ್ದು ಅಲ್ಲ, ನನ್ನೆದುರಿಗೆ ಕೂತು," ಎಂದಳು. ಅವಳು ಒಪ್ಪಿದಳು. "ಈ ಸೂಪು ಅಳಿಯಂದ್ರಿಗಿರಲಿ. ಅವರೇನು ಓಡ್ತಾರಾ, ಇಳೀತಾರಾ," ಎಂದಳು ಅಮ್ಮ.

ಮರುದಿನದಿಂದ ಓಡಿ ಬಂದ ಮೇಲೆ ಒಂದು ಬೇಯಿಸಿದ ಮೊಟ್ಟೆ, ಎದುರಿಗೆ ಗಲ್ಲಕ್ಕೆ ಕೈಕೊಟ್ಟು ಕೂತ ಅಮ್ಮ. ರಾತ್ರಿ ನಿದ್ದೆ ಬರತೊಡಗಿತು.

ಕೊನೆಯ ತೂಕದ ದಿನ ಮುಳ್ಳು ಗೆರೆಯಿಂದ ಕೂದಲೆಳೆಯಷ್ಟು ಕೆಳಗೆ ನಿಂತಿತು. ಡಯೆಟಿಷಿಯನ್ ಎರಡು ಸಲ ಇಳಿಸಿ ಹತ್ತಿಸಿ ನೋಡಿದಳು. "ಮೂರು ವಾರ ಅಲ್ಲಾಡದ್ದು ಹೇಗೆ ಇಳೀತು? ಏನು ಬದಲಾಯಿಸಿದ್ರಿ?"

ಮೂಲೆಯ ಬೆಂಚಿನಲ್ಲಿ ಅಮ್ಮ ತಲೆ ತಗ್ಗಿಸಿ ಸೀರೆಯ ಅಂಚು ನೀವುತ್ತಿದ್ದಳು.

"ಸ್ವಲ್ಪ ತಿನ್ನೋಕೆ ಶುರುಮಾಡ್ದೆ," ಎಂದಳು ಅವಳು. ಅದು ಸುಳ್ಳೇನಲ್ಲ. ಮಿಕ್ಕದ್ದನ್ನು ಈ ಹುಡುಗಿಗಾಗಲಿ, ಗಂಡನಿಗಾಗಲಿ, ನಾಳೆ ಪಕ್ಕದ ಮಂಚದಲ್ಲಿ ಮಲಗಿ ಅಣ್ಣ ಎಷ್ಟೇ ಕೆಣಕಿದರೂ ಅವನಿಗಾಗಲಿ, ಹೇಳುವುದಿಲ್ಲ ಎಂದು ತೂಕದ ಯಂತ್ರದಿಂದ ಇಳಿಯುವಷ್ಟರಲ್ಲೇ ನಿಶ್ಚಯಿಸಿಕೊಂಡಳು.