ಕಸ್ಮುರಿಯ ಪಥ್ಯ

ಪೆಕಲೊಂಗಾನ್ ಊರಿನಲ್ಲಿ ಬಾಟಿಕ್ ಬಟ್ಟೆಗೆ ಬಣ್ಣ ಹಾಕುವ ತೊಟ್ಟಿಗಳ ಮುಂದೆ ಹರೆಯವನ್ನೆಲ್ಲ ಕಳೆದಿದ್ದ ಕಸ್ಮುರಿಗೆ ಮೂತ್ರಕೋಶದ ಕ್ಯಾನ್ಸರ್ ಬಂತು. ಡಾಕ್ಟರು ಗೆಡ್ಡೆಯನ್ನು ಕೆರೆದು ತೆಗೆದು, ವಾರವಾರವೂ ಮೂತ್ರಕೋಶಕ್ಕೆ ಔಷಧಿ ಹಾಯಿಸಿ, ಸದ್ಯಕ್ಕೆ ಪಾರಾದೆ ಅಂದರು. ಆಸ್ಪತ್ರೆಯಲ್ಲಿ ಹೀಗೆ ಪಾರಾದವರಿಗೆಂದೇ ಒಂದು ಅಡುಗೆ ತರಗತಿ ಇತ್ತು. ಬು, ಅಂದರೆ ಅಮ್ಮ, ಎಂದು ಎಲ್ಲರೂ ಕರೆಯುವ ಪಾಲುಪಿ ಎಂಬಾಕೆ ಏನು ಉಣ್ಣಬೇಕು, ಹೇಗೆ ಬೇಯಿಸಬೇಕು ಎಂದು ಕಲಿಸುತ್ತಿದ್ದರು. ಅಲ್ಲಿಗೆ ಹೋಗಬೇಕಾದವನು ಕಸ್ಮುರಿ. ಆದರೆ ಜೊತೆಗೆ ಹೋಗಿ ಮೈಯೆಲ್ಲ ಕಿವಿಯಾಗಿ ಕೇಳಿದವಳು ಹೆಂಡತಿ ಮುರ್ನಿ.

ಮುರ್ನಿ ಸಂತೆಯಲ್ಲಿ ಮೆಗೊನೊ ಅನ್ನ ಮಾರುವವಳು. ಎಳೆ ಹಲಸನ್ನು ಸಣ್ಣಗೆ ಕೊಚ್ಚಿ, ತೆಂಗಿನ ತುರಿ, ಮೆಣಸಿನಕಾಯಿ ಬೆರೆಸಿ ಹಬೆಯಲ್ಲಿ ಬೇಯಿಸಿ, ಬಿಸಿ ಅನ್ನದ ಮೇಲಿಟ್ಟು, ಪಕ್ಕದಲ್ಲೊಂದು ಕರಿದ ಉಪ್ಪುಮೀನು ಇಟ್ಟಳೆಂದರೆ ಜನ ನಿಂತಲ್ಲೇ ಬಾಯಿ ಚಪ್ಪರಿಸುತ್ತಿದ್ದರು. ಗಂಡನಿಗೂ ಅದೇ ಪ್ರಾಣ. ತರಗತಿಯಿಂದ ಬಂದ ದಿನವೇ ಅವಳು ಮನೆಯೊಳಗೆ ಉಪ್ಪುಮೀನು ತರುವುದನ್ನು ನಿಲ್ಲಿಸಿದಳು. ಬೇಯಿಸಿದ ಸೊಪ್ಪು, ಸೋಯಾ ಕಾಳು ಹುದುಗಿಸಿದ ತೆಂಪೆ, ಪಪಾಯ, ಬಿಂದಿಗೆಗಟ್ಟಲೆ ನೀರು. ಲವಂಗದ ಸಿಗರೇಟೂ ಹೋಯಿತು.

"ಮೇಕೆಗೂ ನನಗೂ ಈಗ ಒಂದೇ ವ್ಯತ್ಯಾಸ ನೋಡು. ಅದಕ್ಕೆ ಹಗ್ಗ ಉಂಟು," ಎಂದು ಅವನು ನಗುತ್ತಿದ್ದ.

"ಹಗ್ಗ ಬೇಕಾದ್ರೆ ಅದನ್ನೂ ತರ್ತೀನಿ, ಮಾಸ್. ಸುಮ್ನೆ ಉಣ್ಣಿ," ಎನ್ನುತ್ತಿದ್ದಳು, ಗಂಡನನ್ನು ಮಾಸ್ ಎಂದೇ ಕರೆಯುವ ಮುರ್ನಿ.

ಅವನು ಉಂಡ. ತೂಕ ಸರಿಹೋಯಿತು, ಮುಖದಲ್ಲಿ ಕಳೆ ಬಂತು. ಬು ಪಾಲುಪಿ ಅವನನ್ನು ಎಲ್ಲರೆದುರು ನಿಲ್ಲಿಸಿ, ಪಥ್ಯ ಮಾಡುವುದು ಅಂದರೆ ಹೀಗೆ ಎಂದು ತೋರಿಸಿದರು. ಮುರ್ನಿ ಹೆಮ್ಮೆಯಿಂದ ಬೀಗಿದಳು. ಈ ಊಟ ಮೈಗೆ ಬಲ ಕೊಡುತ್ತದೆ ಎಂದಷ್ಟೇ ಪಾಲುಪಿ ಹೇಳಿದ್ದು. ಮುರ್ನಿಗೆ ಮಾತ್ರ ಅದು ಇನ್ನು ರೋಗ ಬರುವುದಿಲ್ಲ ಎಂದು ಕೊಟ್ಟ ಭಾಷೆಯಂತೆ ಕೇಳಿಸಿತ್ತು.

ಎರಡನೆಯ ವರ್ಷ, ರಂಜಾನ್ ಉಪವಾಸದ ತಿಂಗಳೂ ಹಬ್ಬವೂ ಮುಗಿದ ಮೇಲೆ, ಮೂತ್ರದಲ್ಲಿ ಮತ್ತೆ ರಕ್ತ ಕಂಡಿತು. ಬಚ್ಚಲಿನಿಂದ ಹೊರಬಂದು ಅವನು ಮೆಲ್ಲಗೆ ಹೇಳಿದಾಗ, ಮುರ್ನಿ ಅವನ ಕೈ ಹಿಡಿಯಲಿಲ್ಲ.

"ಏನ್ ತಿಂದ್ರಿ? ಹಬ್ಬಕ್ಕೆ ನಿಮ್ಮಣ್ಣನ ಮನೆಗೆ ಹೋದಾಗ ಏನ್ ತಿಂದ್ರಿ, ಹೇಳಿ."

ಅವನು ಅವಳ ಮುಖವನ್ನೇ ನೋಡಿದ. ಏನೂ ಹೇಳದೆ ಜಗಲಿಗೆ ಹೋಗಿ ಕೂತ. ಆ ಸುಮ್ಮನಿರುವಿಕೆಯನ್ನೇ ಅವಳು ತಪ್ಪೊಪ್ಪಿಗೆ ಎಂದುಕೊಂಡಳು. ಅವನ ಅಣ್ಣನ ಮನೆಗೂ ಹೋಗಿ ಜಗಳ ತೆಗೆದಳು. ಅತ್ತಿಗೆ ಕಣ್ಣೀರಿಡುತ್ತಾ, ಅವನು ಹಬ್ಬದ ದಿನವೂ ಬರೀ ಸೌತೆಕಾಯಿ ತಿಂದು ಎದ್ದ ಎಂದರೂ ನಂಬಲಿಲ್ಲ.

ರೋಗ ಮೂಳೆಗೆ ಹರಡಿತ್ತು. ಇನ್ನು ಅವರಿಗೆ ಇಷ್ಟವಾದದ್ದು ಕೊಡಿ ಎಂದರು ಡಾಕ್ಟರು. ಮುರ್ನಿ ನೇರವಾಗಿ ಬು ಪಾಲುಪಿಯ ಬಳಿ ಹೋಗಿ, ಎಲ್ಲಿ ತಪ್ಪಿತು ಎಂದು ಕೇಳಿದಳು. ಪಾಲುಪಿ ಅವಳನ್ನು ಕೂರಿಸಿಕೊಂಡರು.

"ಎಲ್ಲೂ ತಪ್ಪಿಲ್ಲ, ಬು. ಚೆನ್ನಾಗಿ ಉಂಡವರಿಗೂ ಇದು ತಿರುಗಿ ಬರುತ್ತೆ. ಅವರು ಏನೂ ಮಾಡ್ಲಿಲ್ಲ. ನೀವೂ ಮಾಡ್ಲಿಲ್ಲ."

ಮನೆಗೆ ಬಂದವಳು ಒಲೆ ಹಚ್ಚಿ, ಮೆಗೊನೊ ಮಾಡಿ, ಉಪ್ಪುಮೀನು ಕರಿದಳು. ಮನೆ ತುಂಬ ಆ ವಾಸನೆ. ತಟ್ಟೆ ಹಿಡಿದು ಅವನ ಮಗ್ಗುಲಲ್ಲಿ ಕೂತಳು. ಅವನು ಒಂದು ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡ. ನುಂಗಲಾಗದೆ ಅವಳ ಅಂಗೈಗೆ ಉಗುಳಿದ.

"ನೀವು ಏನೂ ತಿಂದಿರ್ಲಿಲ್ಲ, ಅಲ್ವಾ?" ಎಂದಳು.

"ತಿಂದಿರ್ಬೇಕಿತ್ತು ಕಣೆ," ಎಂದ ಕಸ್ಮುರಿ. "ಬೈಸ್ಕೊಂಡಿದ್ದಾದ್ರೂ ಸಾರ್ಥಕ ಆಗ್ತಿತ್ತು."

ಅವನು ನಗಲು ನೋಡಿದ. ಮುರ್ನಿ ಅವನ ಪಾದದ ಮೇಲೆ ತಲೆಯಿಟ್ಟು ಅತ್ತಳು. ಅವನು ಬಾಗಿ ಅವಳ ತಲೆಯವರೆಗೆ ಕೈ ಚಾಚಿದ. ಕ್ಷಮಿಸಿದ್ದೇನೆ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಕೇಳುವ ಧೈರ್ಯ ಅವಳಿಗೂ ಬರಲಿಲ್ಲ. ಮಳೆಗಾಲ ಹಿಡಿಯುವ ಮೊದಲೇ ಅವನು ತೀರಿಕೊಂಡ.

ತರಗತಿಗೆ ಬಂದು ಅಡುಗೆಗೆ ಕೈಜೋಡಿಸಿ ಎಂದು ಪಾಲುಪಿ ಹೇಳಿಕಳಿಸುತ್ತಲೇ ಇದ್ದರು. ಮುರ್ನಿ ಬಹಳ ಕಾಲ ಹೋಗಲಿಲ್ಲ. ಕೊನೆಗೊಂದು ದಿನ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಹೊಸದಾಗಿ ಬಂದಿದ್ದ ಹೆಂಗಸೊಬ್ಬಳು, ಮುಂದೆ ಕೂತ ಗಂಡನಿಗೆ ಕೇಳಿಸದಂತೆ ಪಿಸುಗುಟ್ಟಿದಳು.

"ಹೀಗೇ ಉಂಡ್ರೆ ಇನ್ನು ಬರೋದಿಲ್ಲ, ಅಲ್ವಾ ಅಕ್ಕ?"

ಮುರ್ನಿ ಎದುರಿಗಿದ್ದ ಪಪಾಯವನ್ನು ಹತ್ತಿರಕ್ಕೆ ಎಳೆದುಕೊಂಡು, ಹೆಚ್ಚತೊಡಗಿದಳು.