ಮಾರೆಟ್ಟಿಮೊದಲ್ಲಿ ಹುಟ್ಟಿದವಳು

ಒಟ್ಟಾವಿಯಾ ಹತ್ತು ದಿನಕ್ಕೆಂದು ಬಂದವಳು. ಟ್ರಾಪನಿಯ ಉಪ್ಪಿನಾಗರಗಳ ಹಳೆಯ ಗಾಳಿಗಿರಣಿಗಳನ್ನು ಅಳೆದು ಚಿತ್ರ ಬರೆದುಕೊಂಡು ಬಾ ಎಂದು ತುರಿನ್‌ನ ಕಾಲೇಜಿನವರು ಕಳಿಸಿದ್ದರು. ಹತ್ತು ದಿನ ಮುಗಿದಾಗ, ವಾಪಸು ಹೋಗುವ ರೈಲಿನ ಟಿಕೆಟ್ಟನ್ನು ಪುಸ್ತಕದೊಳಗೆ ಗುರುತಿಗೆ ಇಟ್ಟುಕೊಂಡು ಉಳಿದೇಬಿಟ್ಟಳು. ಮೊದಲು ಅವಳನ್ನು ಹಿಡಿದದ್ದು ಟ್ರಾಪನಿ: ಬಂದರಿನ ಹಿಂದಿನ ಓಣಿಗಳು, ಮೀನಿನವರ ಕೂಗು, ಮಳೆಗೆ ಮುಂಚೆ ಉಪ್ಪಿನ ರಾಶಿಗಳಿಗೆ ಹೆಂಚು ಹೊದಿಸುವ ಗಂಡಸರು. ಆಮೇಲೊಂದು ಭಾನುವಾರ ಬೋಟು ಹತ್ತಿ ನಮ್ಮ ದ್ವೀಪ ಮಾರೆಟ್ಟಿಮೊಗೆ ಬಂದಳು. ನನ್ನ ಮಗ ಲಿಬೋರಿಯೊನ ಸರದಿ ಬಂದದ್ದು ಮೂರನೆಯದಾಗಿ. ಅದನ್ನು ಅವಳು ಅವನೆದುರೇ ಹೇಳಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಬೇಸಿಗೆಯಲ್ಲಿ ಬಂದು ನಮ್ಮೂರನ್ನು ಪ್ರೀತಿಸುವವರಿಗೇನು ಬರವೇ? ನವೆಂಬರಿನ ಗಾಳಿ ಎದ್ದ ಕೂಡಲೇ ಗಂಟುಮೂಟೆ ಕಟ್ಟುತ್ತಾರೆ. ಇವಳೂ ಅದೇ ಜಾತಿ ಎಂದುಕೊಂಡಿದ್ದೆ. ಲಿಬೋರಿಯೊನ ಕೈಹಿಡಿದವಳು ಮೂರು ಚಳಿಗಾಲ ಕಳೆದರೂ ಕದಲಲಿಲ್ಲ. ಬಲೆ ಹೆಣೆಯಲು ಕಲಿತಳು, ಗಾಳಿ ನೋಡಿ ಬೋಟು ಬರುತ್ತದೋ ಇಲ್ಲವೋ ಹೇಳಲು ಕಲಿತಳು. ಆದರೂ ನಮ್ಮೂರ ನಿನ್ಫಾಳ ಅಂಗಡಿಯ ಮಾತಿನಲ್ಲಿ ಅವಳು ನುನ್ಸಿಯಾತಾಳ ಸೊಸೆ ಆಗಲಿಲ್ಲ, ಹೊರಗಿನವಳಾಗಿಯೇ ಉಳಿದಳು. ನುನ್ಸಿಯಾತಾ ಎಂದರೆ ನಾನು. ನಾನೂ ತಿದ್ದಲಿಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ ಇಬ್ಬರೂ ಕುಸ್ಕುಸಿಗೆಂದು ರವೆಗೆ ನೀರು ಚಿಮುಕಿಸಿ ಬೆರಳಲ್ಲಿ ಉರುಟುತ್ತಾ ಕೂತಿದ್ದೆವು.

"ಅತ್ತೆ, ಇನ್ನೆಷ್ಟು ವರ್ಷ ಇದ್ರೆ ನಾನು ಈ ಊರೋಳಾಗ್ತೀನಿ?"

"ಎಷ್ಟು ವರ್ಷ ಇದ್ರೂ ಆಗಲ್ಲಮ್ಮ. ಅದಕ್ಕೆ ಇಲ್ಲೇ ಹುಟ್ಟಿರ್ಬೇಕು."

"ಹಾಗಾದ್ರೆ ನಿಮ್ಮ ಮಗನೂ ಹೊರಗಿನವನೇ. ಲಿಬೋರಿಯೊ ಹುಟ್ಟಿದ್ದು ಟ್ರಾಪನಿ ಆಸ್ಪತ್ರೇಲಿ ಅಲ್ವಾ?"

ಮಾತು ನಾಟಿತು. "ನನ್ನ ಕೇಳು. ನಾನು ಹುಟ್ಟಿದ್ದು ಇದೇ ಕೋಣೇಲಿ, ಅಗೋ ಆ ಮಂಚದ್ಮೇಲೆ. ನಮ್ಮಮ್ಮನೂ ಅಲ್ಲೇ. ಆಗಿನ ಹೆಂಗಸರಿಗೆ ಗುಂಡಿಗೆ ಇತ್ತು" ಎಂದುಬಿಟ್ಟೆ. ನನ್ನ ಮೂರು ಮಕ್ಕಳನ್ನೂ ಟ್ರಾಪನಿಗೆ ಹೋಗಿಯೇ ಹೆತ್ತವಳು ಆಡಿದ ಮಾತು ಇದು.

ಅವಳು ಮಂಚದ ಕಡೆ ನೋಡಿದಳು. ಆಗಲೇ ಅವಳಿಗೆ ಎರಡು ತಿಂಗಳಾಗಿತ್ತು. ನನಗೆ ಗೊತ್ತಿರಲಿಲ್ಲ.

ಊರ ಸೂಲಗಿತ್ತಿ ಸತ್ತು ಆಗಲೇ ನಲವತ್ತು ವರ್ಷವಾಗಿತ್ತು. ಅಂದಿನಿಂದ ನಮ್ಮ ದ್ವೀಪದಲ್ಲಿ ಯಾರೂ ಹೆತ್ತಿರಲಿಲ್ಲ. ದಿನ ತುಂಬಲು ಒಂದು ತಿಂಗಳಿರುವಾಗಲೇ ಬಸುರಿಯರು ಟ್ರಾಪನಿಗೆ ಹೋಗಿ ಬಂದರಿನ ಹತ್ತಿರ ಕೋಣೆ ಹಿಡಿಯುತ್ತಾರೆ. ಗಾಳಿ ಎದ್ದರೆ ಬೋಟೂ ಇಲ್ಲ, ಹೆಲಿಕಾಪ್ಟರೂ ಇಲ್ಲ. ಒಟ್ಟಾವಿಯಾ ತನಗೆ ಏಪ್ರಿಲ್ ಮೊದಲಿಗೆ ಎಂದಳು. ತಪಾಸಣೆಗೆ ಒಬ್ಬಳೇ ಹೋಗುತ್ತಿದ್ದಳು. ಟ್ರಾಪನಿಯ ಓಣಿಗಳಲ್ಲಿ ಒಂಟಿಯಾಗಿ ಅಡ್ಡಾಡುವುದೆಂದರೆ ಅವಳಿಗೆ ಪ್ರಾಣ ಎಂದು ಲಿಬೋರಿಯೊ ಬಿಟ್ಟಿದ್ದ. ಡಾಕ್ಟರ ಕಾಗದ ತೋರಿಸು ಎಂದು ನಾವ್ಯಾರೂ ಕೇಳಲಿಲ್ಲ.

ಫೆಬ್ರವರಿಯ ಕೊನೆಯ ವಾರ. ಅವಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹೊಟ್ಟೆ ಇಳಿದಿತ್ತು. ಮೂರು ಹೆತ್ತವಳಿಗೆ ಅದು ಕಾಣದಿರುತ್ತದೆಯೇ? ತಿಂಗಳಲ್ಲ, ಒಂದು ವಾರವೂ ಉಳಿದಿಲ್ಲ. ಹುಡುಗಿ ಸುಳ್ಳು ಹೇಳಿದ್ದಾಳೆ, ಇಲ್ಲೇ ಹೆರಲು ಹೊರಟಿದ್ದಾಳೆ ಎಂದು ಹೊಳೆಯಿತು. ಆ ದಿನ ಸಮುದ್ರ ತಣ್ಣಗಿತ್ತು, ಮಧ್ಯಾಹ್ನದ ಬೋಟೂ ಇತ್ತು. ಒಂದು ಮಾತು ಸಾಕಿತ್ತು. ನಾನು ಆಡಲಿಲ್ಲ. ಒಳಗೆ ಹೋಗಿ ನಮ್ಮಮ್ಮನ ಮಂಚಕ್ಕೆ ಒಗೆದ ಹಾಸು ಹಾಸಿದೆ. ನನ್ನದೊಂದು ಮೊಮ್ಮಗು ಈ ಮಂಚದ ಮೇಲೆ ಹುಟ್ಟಲಿ ಎಂಬ ಆಸೆ ನನಗೂ ಇತ್ತು. ಅವಳ ಆಸೆಗಿಂತ ನನ್ನದೇ ದೊಡ್ಡದಿತ್ತು.

ಮೂರನೆಯ ದಿನ ಪಡುವಣ ಗಾಳಿ ಎದ್ದಿತು. ನಾಲ್ಕನೆಯ ದಿನ ಬೆಳಿಗ್ಗೆ ನೋವು ಶುರುವಾಯಿತು. ದ್ವೀಪದ ಡಾಕ್ಟರು ಓಡಿ ಬಂದರು, ಪಾಪ, ಇನ್ನೂ ಎಳೆಯ ವಯಸ್ಸು.

"ಟ್ರಾಪನೀಲಿ ಹೆರಿಗೆ ದಿನ ಯಾವತ್ತು ಅಂದಿದ್ರಮ್ಮ? ನಿಜ ಹೇಳಿ."

ಅವಳು ಅದೇ ವಾರದ ತಾರೀಖು ಹೇಳಿದಳು. ಲಿಬೋರಿಯೊಗೆ ನಿಜ ತಿಳಿದದ್ದು ಆಗಲೇ; ಹೆಲಿಕಾಪ್ಟರಿಗೆ ಫೋನು ಮಾಡಲು ಓಡಿದ. ಮಗು ಕಾಲು ಮುಂದಾಗಿ ಬರುತ್ತಿತ್ತು. ಹೆಲಿಕಾಪ್ಟರು ಎರಡು ಸಲ ಹೊರಟು ಎರಡು ಸಲವೂ ಗಾಳಿಗೆ ಹಿಂದಿರುಗಿತು. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು, ಒಂದೇ ಒಂದು ಸಲ ಅತ್ತಿತು. ಮುಕ್ಕಾಲು ಗಂಟೆ ಬದುಕಿತ್ತು. ಅಷ್ಟು ಹೊತ್ತೂ ತಾಯಿಯ ಎದೆಯ ಮೇಲಿತ್ತು. ದೀಕ್ಷಾಸ್ನಾನ ಮಾಡಿಸಬೇಕಾದ ಪಾದ್ರಿ ಗಾಳಿಯಿಂದಾಗಿ ಟ್ರಾಪನಿಯಲ್ಲೇ ಉಳಿದಿದ್ದರು. ನಾನೇ ತಲೆಗೆ ನೀರು ಹಾಕಿ ಅಲ್ಬಾ ಎಂದು ಹೆಸರಿಟ್ಟೆ.

ಆಮೇಲೆ ಎಷ್ಟೋ ದಿನ ಒಟ್ಟಾವಿಯಾ ಆಡಿದ್ದು ಒಂದೇ ಮಾತು. ಮಗುವಿನ ಗೋರಿಕಲ್ಲಿನ ಮೇಲೆ 'ಮಾರೆಟ್ಟಿಮೊದಲ್ಲಿ ಹುಟ್ಟಿದಳು' ಎಂದು ಕೆತ್ತಿಸಬೇಕು ಎಂದಳು.

ಈಸ್ಟರ್ ಕಳೆದ ಮೇಲೆ ತುರಿನ್‌ನಿಂದ ಅವಳ ತಾಯಿ ಬಂದು ಕರೆದುಕೊಂಡು ಹೊರಟರು. ದಕ್ಕೆಯ ಮೇಲೆ ನಾನು ಅವಳ ತೋಳು ಹಿಡಿದು ನಿಲ್ಲಿಸಿದೆ. ಹೇಳದೆ ಇದ್ದರೆ ಎದೆ ಒಡೆದು ಸಾಯುತ್ತಿದ್ದೆ.

"ನಿನ್ನ ಹೊಟ್ಟೆ ಇಳಿದಿದ್ದು ನಾನು ನೋಡಿದ್ದೆ ಕಣೆ. ನಂಗೆ ಗೊತ್ತಿತ್ತು. ಆವತ್ತು ಬೋಟಿತ್ತು."

ಅವಳು ನನ್ನನ್ನೇ ನೋಡಿದಳು. "ಗೊತ್ತಿದ್ದೂ ಮಂಚಕ್ಕೆ ಹಾಸು ಹಾಸಿದ್ರಾ?"

"ಹೂಂ."

ತೋಳು ಬಿಡಿಸಿಕೊಂಡು ಬೋಟು ಹತ್ತಿದಳು. ಲಿಬೋರಿಯೊ ತಿಂಗಳಿಗೊಮ್ಮೆ ತುರಿನ್‌ಗೆ ಹೋಗಿ ಒಬ್ಬನೇ ಹಿಂದಿರುಗುತ್ತಿದ್ದ. ನನ್ನೊಡನೆ ಊಟಕ್ಕೆಷ್ಟು ಬೇಕೋ ಅಷ್ಟೇ ಮಾತು.

"ಬಿಡು ನುನ್ಸಿಯಾತಾ, ಹೊರಗಿನೋಳು, ಇನ್ನೆಲ್ಲಿ ಬರ್ತಾಳೆ?" ಎಂದಳು ನಿನ್ಫಾ ಒಂದು ದಿನ, ಚೀಸು ಕೊಯ್ಯುತ್ತಾ.

"ನಿನ್ನ ಮೊಮ್ಮಕ್ಕಳು ಎಲ್ಲಿ ಹುಟ್ಟಿದ್ದೇ? ಟ್ರಾಪನೀಲಿ. ನನ್ನ ಮೊಮ್ಮಗಳು ಹುಟ್ಟಿದ್ದು ಇಲ್ಲಿ. ಅವಳ ತಾಯಿನ ಇನ್ನೊಂದ್ಸಲ ಹಾಗಂದ್ರೆ ನೋಡು!"

ಚೀಸು ಅಲ್ಲೇ ಬಿಟ್ಟು ಬಂದೆ. ಮೂರು ವರ್ಷ ಮೊದಲೇ ಆಡಬೇಕಿದ್ದ ಮಾತು ಅದು.

ನವೆಂಬರ್ ಎರಡು, ಸತ್ತವರ ದಿನ. ಅಂದು ನಮ್ಮಲ್ಲಿ ಸತ್ತ ಹಿರಿಯರು ಮನೆಯ ಮಕ್ಕಳಿಗೆ ಸಕ್ಕರೆ ಗೊಂಬೆ ತಂದಿಡುತ್ತಾರೆ. ಬೆಳಗಿನ ಬೋಟಿನಿಂದ ಒಟ್ಟಾವಿಯಾ ಇಳಿದಳು. ಕೈಯಲ್ಲಿ ಟ್ರಾಪನಿಯ ಮಿಠಾಯಿ ಅಂಗಡಿಯ ಸಕ್ಕರೆ ಗೊಂಬೆ. ಯಾರಿಗೆಂದು ಯಾರೂ ಕೇಳಲಿಲ್ಲ. ದೊಡ್ಡ ಚೀಲವನ್ನು ದಕ್ಕೆಯ ಮೇಲಿಟ್ಟು ಸ್ಮಶಾನದ ದಾರಿ ಹಿಡಿದಳು.

"ಬಂದ್ಯಾ ಮಗಳೇ?" ಎಂದೆ.

ಅವಳು ತಿರುಗಿದಳು. "ನಿಮಗೋಸ್ಕರ ಬಂದಿಲ್ಲ ಅತ್ತೆ. ಲಿಬೋರಿಯೊಗೋಸ್ಕರಾನೂ ಅಲ್ಲ. ನನ್ನ ಊರಿಗೆ ಬಂದಿದೀನಿ."

ನಾನು ಚೀಲ ಎತ್ತಿಕೊಂಡು ಅವಳ ಹಿಂದೆ ನಡೆದೆ. ಭಾರವಾಗಿತ್ತು. ಬಾಯಿ ಕಟ್ಟಲಾಗದಷ್ಟು ತುಂಬಿತ್ತು, ಎಲ್ಲವೂ ಚಳಿಗಾಲದ ಬಟ್ಟೆಗಳು.