ಅತ್ತೆಯ ಸಾಕ್ಷಿ

ಬಸ್ ಸ್ಟಾಪಿನಲ್ಲಿ ಟ್ಯಾಕ್ಸಿ ನಿಲ್ಲಿಸಿದ್ದು ನಿಜ. ತಲೆ ನರೆಯುವ ತನಕ ಸ್ಟಿಯರಿಂಗ್ ಹಿಡಿದವನಿಗೆ ಗಾಡಿ ನಿಲ್ಲಿಸಬಾರದೆಂಬ ಹಳದಿ ಗೆರೆ ಕಾಣದೆ ಇರುತ್ತದೆಯೇ? ಆದರೆ ಹಿಂದಿನ ಸೀಟಿನಲ್ಲಿ ಅತ್ತೆಗೆ ಉಸಿರು ಕಟ್ಟಿ ತುಟಿ ನೀಲಿಯಾಗುತ್ತಿತ್ತು. ಇಳಿಸಿ, ಬೆಂಚಿನ ಮೇಲೆ ಕೂರಿಸಿ, ಬೆನ್ನು ನೀವಿದೆ. ಅಷ್ಟರಲ್ಲಿ ಕಂಬದ ಕ್ಯಾಮೆರಾ ತನ್ನ ಕೆಲಸ ಮುಗಿಸಿತ್ತು.

ಎದುರಿಗೇ ಆಸ್ಪತ್ರೆ. "ಏನೂ ಆಗಿಲ್ಲ, ನಡೀರಿ ಮನೆಗೆ" ಎಂದು ಅತ್ತೆ ಹಟ ಹಿಡಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ನಮ್ಮತ್ತೆ ಮೀಸೆಯಿಲ್ಲದ ಜಟ್ಟಿ. ಅವತ್ತು ಒಳಗೆ ಹೋಗಿದ್ದರೆ ಡಾಕ್ಟರ ಚೀಟಿಯಾದರೂ ಇರುತ್ತಿತ್ತು.

ದಂಡ ಕಟ್ಟಿ ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ನನ್ನ ಹೆಸರಿನಲ್ಲಿ ಆಗಲೇ ಬೇಕಾದಷ್ಟು ತಪ್ಪುಗಳಿದ್ದವು. ಇದೊಂದು ಸೇರಿದರೆ ಟ್ಯಾಕ್ಸಿಯ ಪರವಾನಗಿಯೇ ರದ್ದು. ನನಗೆ ಬೇರೆ ಕೆಲಸ ಬಾರದು. ಪ್ರಾಣಕ್ಕೆ ಅಪಾಯವಿದ್ದರೆ ವಿನಾಯಿತಿ ಉಂಟು ಎಂದು ತಿಳಿದು ಮೇಲ್ಮನವಿ ಹಾಕಿದೆ. ಇದ್ದ ಸಾಕ್ಷಿ ಅತ್ತೆ ಒಬ್ಬರೇ.

ವಿಚಾರಣೆಯ ಅಧಿಕಾರಿ ಮೇಡಂ ಕೆಟ್ಟವರೇನಲ್ಲ. ಅತ್ತೆಗೆ ಕುರ್ಚಿ ಹಾಕಿಸಿ, ನೀರು ಕೊಡಿಸಿದರು. ಕಂಪ್ಯೂಟರಿನಲ್ಲಿ ಫೋಟೋ ತೆರೆದಿತ್ತು. ನಾನು ಡಿಕ್ಕಿಯೊಳಗೆ ತಲೆ ತೂರಿಸಿ ನೀರಿನ ಬಾಟಲಿ ಹುಡುಕುತ್ತಿದ್ದೇನೆ. ಬೆಂಚಿನ ಮೇಲೆ ಅತ್ತೆ ನೆಟ್ಟಗೆ ಕೂತು ಕೂದಲು ಸರಿಮಾಡಿಕೊಳ್ಳುತ್ತಿದ್ದಾರೆ.

"ಅವತ್ತು ನಿಮಗೆ ಏನಾಗಿತ್ತಮ್ಮ?"

"ನನಗಾ? ಏನೂ ಇಲ್ಲ. ಕಲ್ಲುಗುಂಡಿನ ಹಾಗಿದ್ದೀನಿ."

ನಾನು ನಡುವೆ ಬಾಯಿ ಹಾಕಿದೆ. "ಅತ್ತೆ, ಉಸಿರು ಕಟ್ಟಿದ್ದು ಹೇಳಿ."

"ನೀವು ಸುಮ್ನಿರಿ ಅಳಿಯಂದ್ರೇ," ಎಂದು ನನ್ನ ಬಾಯಿ ಮುಚ್ಚಿಸಿ ಅಧಿಕಾರಿಯ ಕಡೆ ತಿರುಗಿದರು. "ಚಿನ್ನದಂಥವರಮ್ಮ ಇವರು. ಗಾಳಿಗೆ ಸ್ವಲ್ಪ ಕೂರಬೇಕು ಅಂದೆ, ನಿಲ್ಲಿಸಿದ್ರು. ಅಷ್ಟೇ."

ಅಧಿಕಾರಿ ಅತ್ತೆಯನ್ನು ಹೊರಗೆ ಕೂರಿಸಲು ಹೇಳಿದರು. ಬಾಗಿಲು ಮುಚ್ಚಿದ ಮೇಲೆ ನನ್ನನ್ನು ದಿಟ್ಟಿಸಿದರು.

"ವಯಸ್ಸಾದವರ ಕೈಲಿ ಸುಳ್ಳು ಹೇಳಿಸೋಕೆ ಕರ್ಕೊಂಡು ಬಂದ್ರಾ? ಪಾಪ, ಅವರು ನಿಜ ಹೇಳ್ಬಿಟ್ರು."

ಅವರಿಗೆ ನಿಜವಾಗಿಯೂ ಕಾಯಿಲೆ ಇದೆ ಮೇಡಂ ಎಂದೆ. ಹಾಗಾದರೆ ಡಾಕ್ಟರ ಚೀಟಿ ಎಲ್ಲಿ ಎಂದರು. ಮೇಲ್ಮನವಿ ವಜಾ ಆಯಿತು. ಪರವಾನಗಿ ಮೇಜಿನ ಮೇಲಿಟ್ಟು ಹೊರಬಂದೆ.

ಬಸ್ಸಿನಲ್ಲಿ ಮನೆಗೆ ಬಂದೆವು. ದಾರಿಯುದ್ದಕ್ಕೂ ನನಗೆ ಕೋಪ ಕುದಿಯುತ್ತಿತ್ತು. ಬಾಯಿ ಬಿಟ್ಟರೆ ಏನು ಅನ್ನುತ್ತೇನೋ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಮನೆಯ ಮೆಟ್ಟಿಲು ಹತ್ತುವಾಗ ಅತ್ತೆ ಅರ್ಧಕ್ಕೇ ಗೋಡೆ ಹಿಡಿದು ನಿಂತರು. ತುಟಿ ಮತ್ತೆ ನೀಲಿ. ಹೊತ್ತುಕೊಳ್ಳಲು ನಾನು ಬೆನ್ನು ಬಗ್ಗಿಸಿದೆ. ಯಾವತ್ತೂ ಒಪ್ಪದವರು ಇವತ್ತು ತಕರಾರಿಲ್ಲದೆ ಬೆನ್ನೇರಿದರು. ಹಗುರವಾಗಿದ್ದರು.

ಏದುಸಿರಿನಲ್ಲೇ ಕಿವಿಯ ಹತ್ತಿರ ಹೇಳಿದರು: "ನನ್ನ ಕಾಯಿಲೆಯಿಂದ ತಾನೆ ನಿಮ್ಮ ಮೇಲೆ ಕೇಸು ಬಿದ್ದಿದ್ದು? ರಾತ್ರಿಯೆಲ್ಲ ಯೋಚಿಸಿದೆ. ಕಾಯಿಲೆನೇ ಇಲ್ಲ ಅಂದ್ರೆ ಕೇಸೂ ಇರಲ್ಲ. ಸರಿಯಾಗಿ ಹೇಳಿದ್ನಾ?"

ಕೋಪವೆಲ್ಲ ಎಲ್ಲಿ ಹೋಯಿತೋ. ಅಳು ಬಂತು. ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ಅದೊಂದು ಪುಣ್ಯ.

"ಸರಿಯಾಗೇ ಹೇಳಿದ್ರಿ ಅತ್ತೆ."

"ನಾಳೆಯಿಂದ ಟ್ಯಾಕ್ಸಿ ಓಡಿಸಬಹುದಲ್ವಾ?"

"ಓಡಿಸಬಹುದು."

"ಹಾಗಾದ್ರೆ ನಾಳೆ ನನ್ನನ್ನ ಆ ಆಸ್ಪತ್ರೆಗೆ ಕರ್ಕೊಂಡು ಹೋಗಿ," ಎಂದರು. "ಇನ್ನು ತೋರಿಸಿಕೊಂಡ್ರೆ ತೊಂದ್ರೆ ಇಲ್ಲ."